ಮಾನ್ಸೂನ್ ಎಂದರೆ ಮುಂಗಾರೇ?

(ಶಿವಮೊಗ್ಗದಲ್ಲಿ ಶಾಲಾ ಅಧ್ಯಾಪಕರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಒಂದು ಹೆಸರು ಬಾಯಿಂದ ಬಾಯಿಗೆ ಹೋಗುವಾಗ ಏನೇನಾಗುತ್ತದೆ ಎಂಬುದಕ್ಕೆ ಶಿವಮೊಗ್ಗದವರು ದೂರದ ಉದಾಹರಣೆ ಹುಡುಕಬೇಕಾಗಿಲ್ಲ. ಈ ಊರಿನ ಹೆಸರು ಇಂಗ್ಲಿಷರ ನಾಲಿಗೆಯಲ್ಲಿ ‘ಶಿಮೊಗ’ ಆಯಿತು. ರೈಲು ನಿಲ್ದಾಣದ ಫಲಕದಲ್ಲೂ ಸರ್ಕಾರಿ ಕಾಗದಗಳಲ್ಲೂ ಹಾಗೆಯೇ ಉಳಿಯಿತು. 2014ರ ನವೆಂಬರ್ 1ರಂದು ಅದು ಇಂಗ್ಲಿಷಿನಲ್ಲೂ ಅಧಿಕೃತವಾಗಿ ಶಿವಮೊಗ್ಗವಾಯಿತು. ಇನ್ನು ಮೂಲಕ್ಕೆ ಹೋದರೆ ‘ಶಿವಮುಖ’ ಎನ್ನುವವರು ಒಂದು ಕಡೆ, ‘ಸಿಹಿ ಮೊಗೆ’ ಎನ್ನುವವರು ಇನ್ನೊಂದು ಕಡೆ. ನೆರೆಯ ಭದ್ರಾವತಿಯಂತೂ ಹಳೆಯ ದಾಖಲೆಗಳಲ್ಲಿ ಬೆಂಕಿಪುರ. ಈಗಿನ ಹೆಸರನ್ನು ಅದು ಪಡೆದದ್ದು ತನ್ನ ಹೊಳೆಯಿಂದ.

ಊರಿನ ಹೆಸರಿಗೇ ಹೀಗಾದರೆ, ಸಮುದ್ರ ದಾಟಿ ಬಂದ ಮಾತಿಗೆ ಎಷ್ಟೆಲ್ಲ ಆಗಿರಬೇಡ? ಇಂದು ನಾನು ಹೇಳಹೊರಟಿರುವುದು ಅಂಥ ಒಂದು ಮಾತಿನ ವಿಚಾರ. ‘ಮಾನ್ಸೂನ್’ ಎಂಬುದು ಇಂದು ನಮ್ಮ ಹಳ್ಳಿಯ ಚಹಾದಂಗಡಿಯಲ್ಲೂ ಕೇಳಿಬರುವ ಇಂಗ್ಲಿಷ್ ಪದ. ಪತ್ರಿಕೆ, ರೇಡಿಯೊ, ಟಿ.ವಿ.ಗಳಲ್ಲಿ ಅದಕ್ಕೆ ಕನ್ನಡ ‘ಮುಂಗಾರು’ ಎಂದು ನಿಶ್ಚಯವಾಗಿಬಿಟ್ಟಿದೆ. ‘ಕೇರಳಕ್ಕೆ ಮುಂಗಾರು ಪ್ರವೇಶ’ ಎಂಬ ತಲೆಬರಹವನ್ನು ಪ್ರತಿ ವರ್ಷ ಓದುತ್ತೇವೆ. ಆದರೆ ಮಾನ್ಸೂನ್ ಎಂದರೆ ಮುಂಗಾರೇ? ಎರಡೂ ಒಂದೇ ತಕ್ಕಡಿಯಲ್ಲಿ ತೂಗುವ ಮಾತುಗಳೇ? ಈ ಒಂದು ಮಾತನ್ನು ಯಾರು ಹೇಗೆ ಅರ್ಥ ಮಾಡಿಕೊಂಡರು ಎಂಬುದರ ಮೇಲೆ ಬಿತ್ತನೆ ಬೀಜದ ಚೀಲ ಬಿಚ್ಚುವ ದಿನ ನಿಂತಿದೆ. ಆದ್ದರಿಂದ ನಿಧಾನವಾಗಿ ನೋಡೋಣ.

ಗುರುತಿನಿಂದ ಋತುವಿಗೆ

ಮಾನ್ಸೂನ್ ಪದದ ತವರು ಅರಬ್ಬಿ ಭಾಷೆ. ಅಲ್ಲಿ ‘ವಸಮ’ ಎಂದರೆ ಗುರುತು ಹಾಕು, ಬರೆ ಹಾಕು ಎಂದರ್ಥ. ಒಂಟೆಗಳ ಮೈಮೇಲೆ ಯಾರ ಒಂಟೆ ಎಂದು ತಿಳಿಯಲು ಹಾಕುವ ಗುರುತು ‘ವಸ್ಮ್’. ಈ ಧಾತುವಿನಿಂದಲೇ ಹುಟ್ಟಿದ ಪದ ‘ಮೌಸಿಮ್’. ವರ್ಷದಲ್ಲಿ ಗುರುತು ಹಾಕಿಟ್ಟ ಕಾಲ, ಅಂದರೆ ಯಾತ್ರೆಯ ಕಾಲ, ಸಂತೆ-ಜಾತ್ರೆಯ ಕಾಲ, ಕೊಯ್ಲಿನ ಕಾಲ, ಎಲ್ಲಕ್ಕೂ ಅದು ಸಲ್ಲುತ್ತದೆ. ಮಳೆಗೂ ಅದಕ್ಕೂ ಮೊದಲಿಗೆ ನೇರ ಸಂಬಂಧವಿಲ್ಲ. ಆದರೂ ಇದೇ ಧಾತುವಿನ ಇನ್ನೊಂದು ಕೂಸು ಇದೆ: ‘ವಸ್ಮೀ’. ಮರುಭೂಮಿಯ ಬೇಸಗೆ ಕಳೆದ ಮೇಲೆ ಬೀಳುವ ಮೊದಲ ಮಳೆಗೆ ಆ ಹೆಸರು. ಒಣನೆಲದ ಮೇಲೆ ಹಸುರಿನ ಗುರುತು ಹಾಕಿ ಹೋಗುವ ಮಳೆ ಎಂಬ ಭಾವ. ಮಳೆಗಾಗಿ ಕಾಯುವ ಜನ ಎಲ್ಲಿದ್ದರೂ ಒಂದೇ ಬಗೆಯಾಗಿ ಯೋಚಿಸುತ್ತಾರೆ ಎಂಬುದಕ್ಕೆ ಇದು ಸಾಕ್ಷಿ.

ಅರಬ್ಬಿ ನಾವಿಕರಿಗೆ ‘ಮೌಸಿಮ್’ ಎಂದರೆ ಹಡಗು ಬಿಡುವ ಕಾಲ. ಅರಬ್ಬಿ ಸಮುದ್ರದಲ್ಲಿ ಗಾಳಿ ವರ್ಷಕ್ಕೆ ಎರಡು ಬಾರಿ ದಿಕ್ಕು ಬದಲಿಸುತ್ತದೆ. ಚಳಿಗಾಲದಲ್ಲಿ ಈಶಾನ್ಯದಿಂದ, ಮಳೆಗಾಲದಲ್ಲಿ ನೈರುತ್ಯದಿಂದ. ಹಾಯಿ ಹಡಗಿನವನಿಗೆ ಇದೇ ಪಂಚಾಂಗ. ಯಾವ ತಿಂಗಳಲ್ಲಿ ಹೊರಟರೆ ಗಾಳಿ ಬೆನ್ನಿಗಿರುತ್ತದೆ, ಯಾವ ತಿಂಗಳಲ್ಲಿ ಎದೆಗಿರುತ್ತದೆ ಎಂದು ತಿಳಿಯದವನು ಊರು ಸೇರುತ್ತಿರಲಿಲ್ಲ. ಕ್ರಿಸ್ತಶಕ ಮೊದಲ ಶತಮಾನದ ಹೊತ್ತಿಗೆ ಗ್ರೀಕ್ ನಾವಿಕರಿಗೂ ಈ ಗುಟ್ಟು ತಿಳಿದಿತ್ತು. ಆ ಕಾಲದ ‘ಪೆರಿಪ್ಲಸ್’ ಎಂಬ ಕಡಲ ಕೈಪಿಡಿ ಹಿಪ್ಪಲಸ್ ಎಂಬ ನಾವಿಕನ ಹೆಸರನ್ನು ಈ ಗಾಳಿಯೊಂದಿಗೆ ಸೇರಿಸಿ ಹೇಳುತ್ತದೆ. ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದ. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬಿ ಕುದುರೆಗಳು ಭಟ್ಕಳ, ಹೊನ್ನಾವರಗಳ ಬಂದರಿನಲ್ಲಿ ಇಳಿಯುತ್ತಿದ್ದವು. ಅವೆಲ್ಲ ‘ಮೌಸಿಮ್’ ನೋಡಿಯೇ ಬಂದವು.

ಇಲ್ಲೊಂದು ವಿಚಿತ್ರ ಗಮನಿಸಿ. ಕಡಲಿನವನಿಗೆ ನೈರುತ್ಯದ ಗಾಳಿ ಜೋರಾಗಿ ಮಳೆ ಸುರಿಯುವ ಜೂನ್, ಜುಲೈ ಎಂದರೆ ಬಂದರು ಮುಚ್ಚುವ ಕಾಲ, ಕೆಲಸ ನಿಲ್ಲುವ ಕಾಲ. ಇಂದಿಗೂ ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಘಟ್ಟದ ಮೇಲಿನ ಬೇಸಾಯಗಾರನಿಗೆ ಅದೇ ಕಾಲ ಕೆಲಸ ಶುರುವಾಗುವ ಕಾಲ. ಒಂದೇ ಗಾಳಿ, ಕೆಳಗೆ ರಜೆ, ಮೇಲೆ ದುಡಿಮೆ.

ಗೋವೆಯಿಂದ ಇಕ್ಕೇರಿಗೆ

ಹದಿನೈದನೇ ಶತಮಾನದ ಕೊನೆಗೆ ಪೋರ್ಚುಗೀಸರು ಬಂದರು. ಅವರು ಅರಬ್ಬರಿಂದ ಸಮುದ್ರದ ವ್ಯಾಪಾರವನ್ನು ಕಿತ್ತುಕೊಂಡರು, ಜೊತೆಗೆ ಸಮುದ್ರದ ಶಬ್ದಗಳನ್ನೂ ತೆಗೆದುಕೊಂಡರು. ‘ಮೌಸಿಮ್’ ಅವರ ಬಾಯಲ್ಲಿ ಮೊದಲು ‘ಮೌಸಾಂವ್’, ಆಮೇಲೆ ‘ಮೊಂಸಾಂವ್’ ಎಂಬಂತೆ ಮೂಗಿನಿಂದ ನುಡಿಯುವ ಪದವಾಯಿತು. ಅವರಿಗೂ ಅದು ಮಳೆಯಲ್ಲ, ಹಡಗು ಹೊರಡುವ ಹಂಗಾಮು. ಗೋವೆಗೂ ಲಿಸ್ಬನ್ನಿಗೂ ನಡೆದ ಸರ್ಕಾರಿ ಪತ್ರವ್ಯವಹಾರದ ಹೊತ್ತಗೆಗಳಿಗೆ ‘ಮಾನ್ಸೂನ್ ಪುಸ್ತಕಗಳು’ ಎಂದೇ ಹೆಸರು. ಆ ಹಂಗಾಮಿನ ಹಡಗಿನಲ್ಲಿ ಹೋಗುವ, ಬರುವ ಪತ್ರಗಳಾದ್ದರಿಂದ ಆ ಹೆಸರು. ಅವು ಇಂದಿಗೂ ಗೋವೆಯ ಪತ್ರಾಗಾರದಲ್ಲಿವೆ.

ಈ ಪೋರ್ಚುಗೀಸರು ನಮಗೆ ತೀರ ದೂರದವರೇನಲ್ಲ. ಈ ಜಿಲ್ಲೆಯ ಕೆಳದಿ, ಇಕ್ಕೇರಿ, ಬಿದನೂರುಗಳಿಂದ ಆಳಿದ ನಾಯಕರ ಮೆಣಸು, ಅಕ್ಕಿಗಳಿಗಾಗಿ ಅವರು ಜಗಳವಾಡಿದರು, ಒಪ್ಪಂದವನ್ನೂ ಮಾಡಿಕೊಂಡರು. 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯೊಬ್ಬ ಹೊನ್ನಾವರ, ಗೇರುಸೊಪ್ಪೆಗಳ ಮೂಲಕ ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ. ಅವನ ಜೊತೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಆ ಪ್ರಯಾಣವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅವರು ಬಂದದ್ದು ಮಳೆ ಕಳೆದ ಮೇಲೆ, ನವೆಂಬರಿನ ಹೊತ್ತಿಗೆ. ‘ಮೊಂಸಾಂವ್’ ಎನ್ನುತ್ತಿದ್ದ ಬಾಯಿ ಸಾಗರ ಸೀಮೆಯವರೆಗೂ ಬಂದಿತ್ತು ಎಂಬುದಷ್ಟು ನಮಗೆ ಮುಖ್ಯ.

ಪೋರ್ಚುಗೀಸರಿಂದ ಡಚ್ಚರು ಆ ಮಾತನ್ನು ತೆಗೆದುಕೊಂಡರು. ಲಿನ್‌ಸ್ಕೋಟನ್ ಎಂಬ ಡಚ್ಚನು 1583ರಿಂದ ಐದಾರು ವರ್ಷ ಗೋವೆಯಲ್ಲಿದ್ದು, ಹಿಂದಿರುಗಿ ಬರೆದ ಪ್ರವಾಸ ಗ್ರಂಥ 1596ರಲ್ಲಿ ಹೊರಬಂತು. 1598ರಲ್ಲಿ ಇಂಗ್ಲಿಷಿಗೆ ಅನುವಾದವಾಯಿತು. ಆ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನಲ್ಲಿ ‘ಮಾನ್ಸೂನ್’ ನೆಲೆಯಾಯಿತು. ಅಲ್ಲಿ ಅದರ ಅರ್ಥ ಮತ್ತೆ ಜರುಗಿತು. ಮೊದಲು ಋತು, ಆಮೇಲೆ ಆ ಋತುವಿನ ಗಾಳಿ. 1686ರಲ್ಲಿ ಎಡ್ಮಂಡ್ ಹ್ಯಾಲಿ, ಧೂಮಕೇತುವಿನಿಂದ ಪ್ರಸಿದ್ಧನಾದ ಅದೇ ಹ್ಯಾಲಿ, ವಾಣಿಜ್ಯ ಮಾರುತ ಮತ್ತು ಮಾನ್ಸೂನ್‌ಗಳ ನಕ್ಷೆ ಬರೆದಾಗ ಅವನ ಲಕ್ಷ್ಯವೆಲ್ಲ ಗಾಳಿಯ ಕಡೆಗೆ. ಇಂಗ್ಲಿಷರು ಭಾರತದ ಕಂದಾಯಕ್ಕೆ ಕೈಹಾಕಿದ ಮೇಲೆ, ಮಳೆ ಬಂದರೆ ಬೊಕ್ಕಸ ತುಂಬುತ್ತದೆ ಎಂದು ಮನಗಂಡ ಮೇಲೆ, ಗಾಳಿಯ ಹೆಸರು ಮಳೆಗೆ ಅಂಟಿತು.

ಹೀಗೆ ಗುರುತು, ಗುರುತಿಟ್ಟ ಕಾಲ, ಹಡಗಿನ ಕಾಲ, ಗಾಳಿ, ಕೊನೆಗೆ ಮಳೆ: ಐದು ಮೆಟ್ಟಿಲು. ಅದೇ ಅರಬ್ಬಿ ‘ಮೌಸಿಮ್’ ನೆಲದ ದಾರಿಯಲ್ಲಿ ಪರ್ಷಿಯನ್ ಮೂಲಕ ಬಂದು ಹಿಂದಿ, ಉರ್ದುಗಳಲ್ಲಿ ‘ಮೌಸಮ್’ ಆಗಿದೆ. ಅಲ್ಲಿ ಅದಕ್ಕೆ ಹವಾಮಾನ ಎಂದರ್ಥ. ಒಂದೇ ತಾಯಿಯ ಇಬ್ಬರು ಮಕ್ಕಳು, ಒಬ್ಬ ಕಡಲ ದಾರಿಯಿಂದ, ಇನ್ನೊಬ್ಬ ನೆಲದ ದಾರಿಯಿಂದ ಬಂದು ಒಂದೇ ದೇಶದಲ್ಲಿ ಬೇರೆ ಬೇರೆ ಮನೆ ಹೂಡಿದ್ದಾರೆ.

ನಮ್ಮ ಕಾರು, ನಮ್ಮ ಹಂಗಾಮು

ಈಗ ಮುಂಗಾರಿಗೆ ಬರೋಣ. ‘ಮುನ್’ ಎಂದರೆ ಮುಂದಿನ, ಮೊದಲಿನ. ‘ಕಾರ್’ ಎಂದರೆ ಕಪ್ಪು. ಕಾರ್ಮುಗಿಲು, ಕಾರ್ಗತ್ತಲು ಎನ್ನುವಾಗ ಇರುವುದು ಅದೇ ‘ಕಾರ್’. ಕಪ್ಪು ಎಂಬ ಅರ್ಥದಿಂದ ಕರಿಮೋಡ, ಅದರಿಂದ ಮಳೆಗಾಲ ಎಂಬ ಅರ್ಥ ಬಂದಿದೆ. ತಮಿಳಿನಲ್ಲೂ ‘ಕಾರ್’ ಎಂದರೆ ಮೋಡ, ಮಳೆಗಾಲ. ಮುನ್ ಮತ್ತು ಕಾರ್ ಸೇರಿದಾಗ ಕಕಾರಕ್ಕೆ ಗಕಾರ ಬಂದು ಮುಂಗಾರ್. ಮಕ್ಕಳಿಗೆ ಮಳೆಗಾಲ, ಮುಂಗೈ, ಹಿಂಗಾಲು ಎಂದು ಆದೇಶ ಸಂಧಿ ಕಲಿಸುವಾಗ ಈ ಪದಗಳನ್ನೂ ಸೇರಿಸಿಕೊಳ್ಳಬಹುದು. ಹಳೆಯ ಮೈಸೂರು ಸೀಮೆಯಲ್ಲಿ ‘ಕಾರು’ ಎಂಬುದು ಭತ್ತದ ಒಂದು ಬೆಳೆಯ ಹೆಸರೂ ಹೌದು. ಜ್ಯೇಷ್ಠ ಮಾಸದಲ್ಲಿ ಎತ್ತುಗಳ ಮೈ ತೊಳೆದು ಸಿಂಗರಿಸುವ ಹಬ್ಬ ಕಾರ ಹುಣ್ಣಿಮೆ. ಇಂದಿನ ಮಗುವಿಗೆ ಕಾರು ಎಂದರೆ ಮನೆಯ ಮುಂದೆ ನಿಂತ ನಾಲ್ಕು ಚಕ್ರದ ಗಾಡಿ. ಅದು ಇನ್ನೊಂದು ಕಾರು!

ಅಂದರೆ ಮಾನ್ಸೂನ್ ಎಂಬ ಪದವನ್ನು ಕಟ್ಟಿದವನು ಪಂಚಾಂಗ ಹಿಡಿದು ಕಡಲನ್ನು ನೋಡುತ್ತಿದ್ದ. ಮುಂಗಾರು ಎಂಬ ಪದವನ್ನು ಕಟ್ಟಿದವನು ತಲೆ ಎತ್ತಿ ಮೋಡದ ಬಣ್ಣ ನೋಡುತ್ತಿದ್ದ. ಒಂದರ ಬೇರು ಕಾಲ, ಇನ್ನೊಂದರ ಬೇರು ಕಣ್ಣಿಗೆ ಕಂಡ ಕಪ್ಪು.

ಕನ್ನಡವೇನೂ ಮಡಿವಂತಿಕೆ ಮಾಡಿದ ಭಾಷೆಯಲ್ಲ. ಬೇಸಾಯದ ಮಾತುಗಳಲ್ಲಿಯೇ ಎಷ್ಟು ಪರದೇಶಿಗಳಿವೆ ನೋಡಿ. ‘ಹಂಗಾಮು’ ಪರ್ಷಿಯನ್ನಿನ ‘ಹಂಗಾಮ್’. ಕಾಲ ಎಂದೇ ಅದರ ಅರ್ಥ. ‘ಫಸಲು’ ಅರಬ್ಬಿಯ ‘ಫಸ್ಲ್’. ಅಲ್ಲಿ ಅದು ಋತು, ವಿಭಾಗ. ಋತುವಿನ ಹೆಸರು ಬೆಳೆಯ ಹೆಸರಾಯಿತು, ಮೌಸಿಮ್ ಮಳೆಯಾದ ಹಾಗೆ. ‘ಹವಾಮಾನ’ದಲ್ಲಿ ಅರ್ಧ ಅರಬ್ಬಿ, ಅರ್ಧ ಸಂಸ್ಕೃತ. ಕೃಷಿ ಇಲಾಖೆಯವರು ಮುಂಗಾರು ಬೆಳೆಗೆ ಖಾರಿಫ್ ಎನ್ನುತ್ತಾರೆ, ಹಿಂಗಾರು ಬೆಳೆಗೆ ರಬಿ ಎನ್ನುತ್ತಾರೆ. ಅರಬ್ಬಿಯಲ್ಲಿ ಖರೀಫ್ ಎಂದರೆ ಶರತ್ಕಾಲ, ರಬೀ ಎಂದರೆ ವಸಂತ! ಅವರು ಬೆಳೆಗೆ ಕೊಯ್ಲಿನ ಕಾಲದ ಹೆಸರಿಟ್ಟರು, ನಾವು ಬಿತ್ತನೆಗೆ ಒದಗುವ ಮಳೆಯ ಹೆಸರಿಟ್ಟೆವು. ಕಂದಾಯ ವಸೂಲಿ ಮಾಡುವವನಿಗೆ ಕೊಯ್ಲು ಮುಖ್ಯ, ಉಳುವವನಿಗೆ ಮೊದಲ ಮಳೆ ಮುಖ್ಯ. ಹೆಸರು ಇಟ್ಟವನು ಎಲ್ಲಿ ನಿಂತು ಇಟ್ಟ ಎಂಬುದು ಹೆಸರಿನಲ್ಲೇ ತಿಳಿಯುತ್ತದೆ.

ನಕ್ಷತ್ರದ ಮಳೆಗಳು

ನಮ್ಮ ರೈತರಿಗೆ ಮುಂಗಾರು, ಹಿಂಗಾರು ಎಂಬ ಎರಡೇ ಭಾಗ ಸಾಲದು. ಸೂರ್ಯ 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುತ್ತಾನೆ; ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಆ ದಿನಗಳಲ್ಲಿ ಬಿದ್ದ ಮಳೆಗೆ ಆ ನಕ್ಷತ್ರದ ಹೆಸರು. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ, 25ಕ್ಕೆ ರೋಹಿಣಿ, ಜೂನ್ 8ರ ಹೊತ್ತಿಗೆ ಮೃಗಶಿರಾ, 22ರ ಹೊತ್ತಿಗೆ ಆರಿದ್ರೆ. ಆಮೇಲೆ ಪುನರ್ವಸು, ಪುಷ್ಯ, ಅಸಲೆ, ಮಘೆ, ಹುಬ್ಬೆ, ಉತ್ತರೆ, ಹಸ್ತೆ, ಚಿತ್ತೆ, ಸ್ವಾತಿ, ವಿಶಾಖೆ. ಪ್ರತಿಯೊಂದಕ್ಕೂ ಗಾದೆಯುಂಟು. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು. ಗಾದೆಯ ರೂಪದಲ್ಲಿ ಅವು ಬೇಸಾಯದ ವೇಳಾಪಟ್ಟಿ. ಯಾವ ಬೀಜಕ್ಕೆ ಯಾವ ಮಳೆ, ಯಾವ ಬೆಳೆಗೆ ಯಾವಾಗ ನೀರು ಬೇಕು ಎಂಬುದನ್ನು ಓದು ಬಾರದವನೂ ಬಾಯಿಪಾಠ ಮಾಡಿಕೊಳ್ಳುವ ಹಾಗೆ ಹೇಳಿಟ್ಟದ್ದು.

ಹಾಗೆಂದು ಇದನ್ನು ಕುರುಡಾಗಿ ಹೊಗಳುವುದೂ ಬೇಡ. ನಕ್ಷತ್ರದ ಲೆಕ್ಕಕ್ಕೂ ಋತುವಿನ ಲೆಕ್ಕಕ್ಕೂ ಪೂರ್ತಿ ತಾಳೆಯಿಲ್ಲ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ತೂಗುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ನಕ್ಷತ್ರದ ಪಂಚಾಂಗ ಹಿಂದೆ ಬೀಳುತ್ತದೆ. ಮಕರ ಸಂಕ್ರಾಂತಿ ಜನವರಿ 14ಕ್ಕೆ ಬರುವುದೂ, ಉತ್ತರಾಯಣ ನಿಜಕ್ಕೂ ಡಿಸೆಂಬರ್ 22ರ ಸುಮಾರಿಗೇ ಶುರುವಾಗುವುದೂ ಇದರಿಂದಲೇ. ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಮಳೆಯ ವಿಚಾರ ಬರೆದಾಗ ಸೂರ್ಯ ಆರ್ದ್ರೆಯನ್ನು ಹೊಗುತ್ತಿದ್ದುದು, ಇಂದಿನ ಲೆಕ್ಕಕ್ಕೆ ತಂದರೆ, ಜೂನ್ ಮೊದಲ ವಾರದ ಸುಮಾರಿಗೆ. ಆರ್ದ್ರಾ ಎಂದರೆ ಸಂಸ್ಕೃತದಲ್ಲಿ ಒದ್ದೆಯಾದದ್ದು. ಮಳೆಗಾಲ ಕಾಲಿಡುವ ಹೊತ್ತಿಗೆ ಆ ಹೆಸರು ಸರಿಯಾಗಿ ಒಪ್ಪುತ್ತಿತ್ತು. ಇಂದು ಅದು ಜೂನ್ 22ಕ್ಕೆ ಜಾರಿದೆ. ಗಾದೆಗಳು ಬದುಕಿ ಉಳಿದದ್ದು ಏಕೆಂದರೆ ಜನ ಅವನ್ನು ತಮ್ಮ ಊರಿನ ಅನುಭವಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತ ಬಂದರು. ಈಗ ಹವಾಗುಣ ಬದಲಾಗುತ್ತಿರುವ ವೇಗದಲ್ಲಿ ಗಾದೆ ತಿದ್ದಿಕೊಳ್ಳುವಷ್ಟು ವ್ಯವಧಾನ ಸಿಗುವುದು ಕಷ್ಟ.

ಪ್ರವೇಶ ಎಂದರೇನು?

ಇನ್ನು ಹವಾಮಾನ ಇಲಾಖೆಯ ಮಾತು. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮರುವರ್ಷವೇ ಧಾತು ಸಂವತ್ಸರದ ಬರ. ಮೈಸೂರು ಸಂಸ್ಥಾನದ ಅಪಾರ ಜನ ಅನ್ನವಿಲ್ಲದೆ ಸತ್ತರು. ಆ ಬರದ ಏಟಿಗೇ ಸರ್ಕಾರ ಮಳೆಯನ್ನು ಮುಂಚಿತವಾಗಿ ಹೇಳಲು ಸಾಧ್ಯವೇ ಎಂದು ಹೆನ್ರಿ ಬ್ಲಾನ್‌ಫರ್ಡ್ ಎಂಬ ಅಧಿಕಾರಿಯನ್ನು ಕೇಳಿತು. 1886ರಿಂದ ವರ್ಷಂಪ್ರತಿ ಮುನ್ಸೂಚನೆ ಹೊರಬರತೊಡಗಿತು. ಆಮೇಲೆ ಬಂದ ಗಿಲ್ಬರ್ಟ್ ವಾಕರ್ ನಮ್ಮ ಮಳೆಗೂ ದೂರದ ಶಾಂತಸಾಗರದ ಗಾಳಿಯ ಒತ್ತಡಕ್ಕೂ ನಂಟಿದೆ ಎಂದು ತೋರಿಸಿಕೊಟ್ಟ. ಇಂದು ಪತ್ರಿಕೆಯಲ್ಲಿ ಓದುವ ‘ಎಲ್ ನಿನೊ’ ಆ ನಂಟಿನ ಇನ್ನೊಂದು ಮುಖ. ಅದು ಪೆರು ದೇಶದ ಮೀನುಗಾರರು ಕ್ರಿಸ್‌ಮಸ್ ಹೊತ್ತಿಗೆ ಬರುವ ಬಿಸಿನೀರಿನ ಹರಿವಿಗೆ ಇಟ್ಟ ಹೆಸರು. ಬಾಲಯೇಸು ಎಂದು ಅರ್ಥ. ಅಲ್ಲಿಯ ಮೀನುಗಾರರ ಮಾತು ಇಲ್ಲಿಯ ಬರದ ಕಾರಣವಾಗಿ ನಮ್ಮ ನಾಲಿಗೆಗೆ ಬಂತು.

‘ಮುಂಗಾರು ಪ್ರವೇಶ’ ಎಂದು ಇಲಾಖೆ ಸಾರಬೇಕಾದರೆ ಅದಕ್ಕೆ ಖಚಿತ ನಿಯಮವಿದೆ. ಲಕ್ಷದ್ವೀಪ, ಕೇರಳ ಮತ್ತು ನಮ್ಮ ಕರಾವಳಿಯ 14 ಕೇಂದ್ರಗಳನ್ನು ಆರಿಸಿದ್ದಾರೆ. ಕಾಸರಗೋಡಿನ ಕೂಡ್ಲು, ನಮ್ಮ ಮಂಗಳೂರು ಅವುಗಳಲ್ಲಿ ಸೇರಿವೆ. ಮೇ 10 ಕಳೆದ ಮೇಲೆ ಈ ಕೇಂದ್ರಗಳಲ್ಲಿ ನೂರಕ್ಕೆ 60ರಷ್ಟರಲ್ಲಿ ಸತತ ಎರಡು ದಿನ 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾಗಬೇಕು. ಪಶ್ಚಿಮದ ಗಾಳಿ ಸಾಕಷ್ಟು ಎತ್ತರದವರೆಗೆ, ಸಾಕಷ್ಟು ವೇಗದಲ್ಲಿ ಬೀಸಬೇಕು. ಮೋಡ ದಟ್ಟವಾಗಿದೆ ಎಂದು ಉಪಗ್ರಹವೂ ಹೇಳಬೇಕು. ಆಗ ಪ್ರವೇಶ. ಸರಾಸರಿ ದಿನ ಜೂನ್ 1. ಆದರೆ 2023ರಲ್ಲಿ ಅದು ಜೂನ್ 8, 2024ರಲ್ಲಿ ಮೇ 30, 2025ರಲ್ಲಿ ಮೇ 24. ನಮ್ಮ ರೈತರ ಭಾಷೆಗೆ ತಂದರೆ, ಮೂರು ವರ್ಷ ಮೂರು ಬೇರೆ ಮಳೆಗಳಲ್ಲಿ: ಮೃಗಶಿರಾ ಕಾಲಿಡುವ ದಿನ, ರೋಹಿಣಿಯಲ್ಲಿ, ಕೃತ್ತಿಕೆಯ ಕೊನೆಗೆ.

ಇಲ್ಲಿ ಎರಡು ಗೊಂದಲಗಳಿವೆ. ಮೊದಲನೆಯದು, ಪ್ರವೇಶ ಎಂದರೆ ಗಾಳಿಯ ವ್ಯವಸ್ಥೆ ಬಂತು ಎಂದರ್ಥ. ನಮ್ಮ ಹೊಲಕ್ಕೆ ಹದವಾದ ಮಳೆ ಬಂತು ಎಂದರ್ಥವಲ್ಲ. ‘ಮಾನ್ಸೂನ್’ ಎಂಬ ಪದದಲ್ಲಿ ಗಾಳಿಯ ಅರ್ಥ ಇನ್ನೂ ಉಸಿರಾಡುತ್ತಿದೆ. ‘ಮುಂಗಾರು’ ಎಂದು ಅನುವಾದಿಸಿದ ತಕ್ಷಣ ಗಾಳಿ ಮರೆಯಾಗಿ ಮಳೆಯೊಂದೇ ಉಳಿಯುತ್ತದೆ. ತಲೆಬರಹ ನೋಡಿ ಬೀಜ ಚೆಲ್ಲಿದವನು, ಆಮೇಲೆ ಹದಿನೈದು ದಿನ ಮಳೆ ಕೈಕೊಟ್ಟರೆ, ಎರಡನೇ ಸಲ ಬೀಜ ಕೊಳ್ಳಬೇಕಾಗುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ಇಲಾಖೆಯ ಲೆಕ್ಕದಲ್ಲಿ ಮಾನ್ಸೂನ್ ಎಂದರೆ ಜೂನ್‌ನಿಂದ ಸೆಪ್ಟೆಂಬರ್. ಏಪ್ರಿಲ್, ಮೇ ಮಳೆಗೆ ‘ಮುಂಗಾರು ಪೂರ್ವ ಮಳೆ’ ಎಂಬ ಹೆಸರು ಕೊಟ್ಟಿದ್ದಾರೆ. ಆದರೆ ಬಯಲುಸೀಮೆಯ ಅಂಚಿನ ನಮ್ಮ ರೈತನಿಗೆ ಅಶ್ವಿನಿ, ಭರಣಿಗಳಿಂದಲೇ ಮುಂಗಾರು ಶುರು. ಆ ಮಳೆಗೇ ಅವನು ನೆಲ ಉಳುತ್ತಾನೆ, ಎಳ್ಳು ಹಾಕುತ್ತಾನೆ. ಅವನ ಮುಂಗಾರಿಗೆ ‘ಮುಂಗಾರು ಪೂರ್ವ’ ಎಂದು ಹೆಸರಿಟ್ಟರೆ, ಊಟ ಮಾಡುತ್ತಿರುವವನಿಗೆ ಇನ್ನೂ ಎಲೆ ಹಾಕಿಲ್ಲ ಎಂದ ಹಾಗಾಯಿತು.

ಎರಡು ಹೊಳೆ, ಎರಡು ಅರ್ಥ

ಈ ಮಾತಿನ ಅರ್ಥ ಮೈಲಿಗೊಂದು ಬಗೆಯಾಗುವುದನ್ನು ನೋಡಬೇಕಾದರೆ ಈ ಜಿಲ್ಲೆಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ.ಗೂ ಮಿಗಿಲು. ಕಡಲ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ, ತಣಿದು, ಹೊತ್ತು ತಂದದ್ದನ್ನು ಅಲ್ಲೇ ಸುರಿಯುತ್ತದೆ. ಅಲ್ಲಿಂದ ತೊಂಬತ್ತು ಕಿ.ಮೀ. ಪೂರ್ವಕ್ಕಿರುವ ಶಿವಮೊಗ್ಗ ನಗರಕ್ಕೆ ಬರುವುದು ಅದರ ಆರೇಳನೇ ಒಂದು ಪಾಲು.

ತುಂಗೆ ಮತ್ತು ಭದ್ರೆ ಇಬ್ಬರೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ. ಒಂದೇ ಬೆಟ್ಟ, ಒಂದೇ ಮಳೆ. ಆದರೆ ತುಂಗೆಗೆ ಗಾಜನೂರಿನಲ್ಲಿ ಇರುವ ಜಲಾಶಯ ಚಿಕ್ಕದು, 3.24 ಟಿಎಂಸಿ ಅಡಿ. ರಾಜ್ಯದಲ್ಲಿ ಮೊದಲಿಗೆ ತುಂಬುವ ಜಲಾಶಯಗಳಲ್ಲಿ ಅದು ಒಂದು. ಘಟ್ಟದಲ್ಲಿ ಎರಡು ದಿನ ಜೋರು ಮಳೆಯಾದರೆ ಶಿವಮೊಗ್ಗದ ಹೊಳೆಯ ಬಣ್ಣ ಬದಲಾಗುತ್ತದೆ. ಕೋರ್ಪಲಯ್ಯನ ಛತ್ರದ ಬಳಿ ಹೊಳೆಯೊಳಗಿನ ಮಂಟಪ ಎಷ್ಟು ಮುಳುಗಿತು ಎಂದು ನೋಡಲು ಊರೇ ನೆರೆಯುತ್ತದೆ. ಮಂಟಪ ಮುಳುಗಿತು ಎಂದರೆ ಮಳೆಗಾಲ ಬಂತು, ಬಾಗಿನ ಕೊಡುತ್ತಾರೆ. ಯಾವ ಇಲಾಖೆಯೂ ಸಾರಬೇಕಾಗಿಲ್ಲದ ಪ್ರವೇಶ ಅದು.

ಭದ್ರೆಯ ಕಥೆ ಬೇರೆ. ಭದ್ರಾವತಿಗೆ ಬರುವ ಮುನ್ನವೇ ಲಕ್ಕವಳ್ಳಿಯಲ್ಲಿ ಅವಳನ್ನು ತಡೆದಿದ್ದಾರೆ. ಆ ಜಲಾಶಯದ ಸಾಮರ್ಥ್ಯ 71.5 ಟಿಎಂಸಿ ಅಡಿ, ಪೂರ್ಣ ಮಟ್ಟ 186 ಅಡಿ. ಭದ್ರಾವತಿಯಿಂದ ದಾವಣಗೆರೆಯವರೆಗಿನ ಗದ್ದೆ ತೋಟಗಳು ಅದರ ನಾಲೆಯನ್ನು ನಂಬಿವೆ. ಅಲ್ಲಿಯವರಿಗೆ ಮುಂಗಾರು ಎಂದರೆ ತಲೆಯ ಮೇಲಿನ ಮೋಡಕ್ಕಿಂತ ದಿನಪತ್ರಿಕೆಯ ಮೂಲೆಯಲ್ಲಿ ಬರುವ ಅಣೆಕಟ್ಟೆಯ ಮಟ್ಟದ ಅಂಕಿ. ಆ ಅಂಕಿ ಏರದಿದ್ದರೆ ಬೇಸಗೆ ಬೆಳೆಗೆ ನೀರಿಲ್ಲ. ಅಂಚಿಗೆ ಬಂದು ಬಾಗಿಲು ತೆರೆದರೆ ಹೊಳೆದಂಡೆಯ ತಗ್ಗಿನ ಮನೆಗಳಿಗೆ ನಿದ್ದೆಯಿಲ್ಲ. ಇಪ್ಪತ್ತು ಕಿ.ಮೀ. ಅಂತರದ ಎರಡು ಊರುಗಳಲ್ಲಿ ಒಂದೇ ಮಾತಿಗೆ ಎರಡು ಅರ್ಥ. ಮುಂದೆ ಕೂಡ್ಲಿಯಲ್ಲಿ ಎರಡೂ ಹೊಳೆ ಸೇರುತ್ತವೆ, ಅರ್ಥಗಳು ಸೇರುವುದಿಲ್ಲ.

ಮಲೆನಾಡಿನ ಅಡಿಕೆ ತೋಟದವನಿಗೆ ಮೂರನೆಯ ಅರ್ಥ. ಅವನ ಚಿಂತೆ ಕೊಳೆ ರೋಗ. ಬಿಡದೆ ಹೊಡೆವ ಮಳೆಯಲ್ಲಿ ಎಳೆಗಾಯಿ ಕೊಳೆತು ಉದುರುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1910ರ ಸುಮಾರಿಗೆ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೊ ದ್ರಾವಣವನ್ನು ಬಳಕೆಗೆ ತಂದ. ಮೈಲುತುತ್ತ ಒಂದು ಕಿಲೊ, ಸುಣ್ಣ ಒಂದು ಕಿಲೊ, ನೀರು ನೂರು ಲೀಟರ್. ಮಳೆಗಾಲ ಹಿಡಿಯುವ ಮುನ್ನ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕು. ಎರಡನೆಯದಕ್ಕೆ ಮಳೆ ಒಂದೆರಡು ದಿನ ಬಿಡುವು ಕೊಡಬೇಕು. ಆ ಬಿಡುವಿಗೆ ಮಲೆನಾಡಿನಲ್ಲಿ ‘ಹೊಳ’ ಎಂಬ ಚೆಂದದ ಮಾತಿದೆ. ‘ಮಳೆ ಹೊಳವಾಯಿತು’ ಎನ್ನುತ್ತಾರೆ. ಹವಾಮಾನ ಶಾಸ್ತ್ರದಲ್ಲೂ ಮಾನ್ಸೂನ್ ನಡುವೆ ಬೀಳುವ ಬಿಡುವಿಗೆ ಬೇರೆಯೇ ಒಂದು ಪರಿಭಾಷೆ ಇದೆ. ಅದು ದೇಶದ ನಡುಭಾಗದ ಮಳೆಯನ್ನು ನೋಡಿ ಹೇಳುವ ಮಾತು. ನಮ್ಮ ಹೊಳ ನಮ್ಮ ಅಂಗಳಕ್ಕೆ ಸೇರಿದ್ದು. ಬಯಲುಸೀಮೆಯವನು ಶಪಿಸುವ ಬಿಡುವಿಗೆ ತೋಟದವನು ಕೈಮುಗಿದು ಕಾಯುತ್ತಾನೆ.

ನೂರಕ್ಕೆ 94

ನಾವು ಅಧ್ಯಾಪಕರು ಅಂಕಗಳಲ್ಲಿ ಪಳಗಿದವರು. ಒಂದು ಅಂಕಪಟ್ಟಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ದೀರ್ಘಕಾಲದ ಸರಾಸರಿ ಮಳೆ 87 ಸೆಂ.ಮೀ. ಅದರ ನೂರಕ್ಕೆ 96ರಿಂದ 104ರೊಳಗೆ ಬಂದರೆ ‘ವಾಡಿಕೆ’ ಮಳೆ ಎನ್ನುತ್ತಾರೆ. 2023ರಲ್ಲಿ ದೇಶಕ್ಕೆ ಬಂದದ್ದು ನೂರಕ್ಕೆ 94. ಪರೀಕ್ಷೆಯಲ್ಲಿ 94 ಬಂದರೆ ಮನೆಯಲ್ಲಿ ಪಾಯಸ. ಆದರೆ ಆ ವರ್ಷದ ಆಗಸ್ಟ್, 1901ರಿಂದ ಈಚಿನ ದಾಖಲೆಯಲ್ಲೇ ದೇಶದ ಅತಿ ಒಣ ಆಗಸ್ಟ್. ಕರ್ನಾಟಕದಲ್ಲಿ 236 ತಾಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಬೇಕಾಯಿತು. ಭದ್ರಾ ಜಲಾಶಯ ತುಂಬಲಿಲ್ಲ. 2019ರಲ್ಲಿ ಇದರ ತಿರುಗುಮುರುಗು. ಜೂನ್‌ನಲ್ಲಿ ದೇಶಕ್ಕೆ ಮೂರನೇ ಒಂದು ಪಾಲು ಮಳೆ ಕೊರತೆ, ಋತು ಮುಗಿದಾಗ ನೂರಕ್ಕೆ 110. ನಡುವೆ ಆಗಸ್ಟ್‌ನ ಅಸಲೆ ಮಳೆಗೆ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದಳು. ಜೂನ್‌ನಲ್ಲಿ ಮುಗಿಲು ನೋಡಿದವರು ಆಗಸ್ಟ್‌ನಲ್ಲಿ ಮನೆ ಬಿಟ್ಟು ಹೋದರು. ಸರಾಸರಿ ಎಂಬ ಮಾತಿನ ಕೆಳಗೆ ಬರವೂ ನೆರೆಯೂ ಅಡಗಿ ಕುಳಿತಿರುತ್ತವೆ.

ಇನ್ನೊಂದು ಸಂಗತಿ. 2016ರಿಂದ ಹವಾಮಾನ ಇಲಾಖೆ ‘ಬರ’ ಎಂಬ ಪದವನ್ನೇ ತನ್ನ ಪರಿಭಾಷೆಯಿಂದ ಕೈಬಿಟ್ಟಿದೆ. ಅದರ ಬದಲು ‘ಮಳೆ ಕೊರತೆಯ ವರ್ಷ’ ಎನ್ನುತ್ತದೆ. ಬರ ಘೋಷಿಸುವುದು ರಾಜ್ಯ ಸರ್ಕಾರದ ಕೆಲಸ, ಇಲಾಖೆ ಮಳೆಯನ್ನಷ್ಟೇ ಅಳೆಯುತ್ತದೆ ಎಂಬ ತರ್ಕ ಸರಿಯೇ. ಆದರೆ ಮಾತು ಬದಲಾದಾಗ ಹಣದ ದಾರಿಯೂ ಬದಲಾಗುತ್ತದೆ ಎಂಬುದನ್ನು ಮರೆಯಬಾರದು. ಬೆಳೆ ವಿಮೆಯ ಪರಿಹಾರ, ಬರ ಪರಿಹಾರ, ಸಾಲದ ಮರುಹೊಂದಾಣಿಕೆ ಇವೆಲ್ಲ ಶಬ್ದಗಳ ಮೇಲೆ, ಮಳೆಮಾಪಕದ ಅಂಕಿಗಳ ಮೇಲೆ, ತಾರೀಖುಗಳ ಮೇಲೆ ನಿಂತಿವೆ. ಅಡಿಕೆಗೆ ಈ ಜಿಲ್ಲೆಯಲ್ಲಿರುವ ಹವಾಮಾನ ಆಧಾರಿತ ವಿಮೆ ಮಳೆಮಾಪಕ ಏನು ಹೇಳಿತೋ ಅದನ್ನೇ ಕೇಳುತ್ತದೆ. ‘ಅಸಲೆ ಮಳೆ ಹೆಚ್ಚಾಯಿತು ಸ್ವಾಮಿ’ ಎಂದರೆ ವಿಮೆಯವರಿಗೆ ತಿಳಿಯದು. ‘ಆಗಸ್ಟ್ 5ರಿಂದ 12ರವರೆಗೆ ಇಷ್ಟು ಮಿ.ಮೀ.’ ಎಂದರೆ ಅವನ ಅಜ್ಜನಿಗೆ ತಿಳಿಯುತ್ತಿರಲಿಲ್ಲ. ನಡುವೆ ನಿಂತು ಎರಡೂ ಭಾಷೆ ಬಲ್ಲವರು ಬೇಕಾಗಿದ್ದಾರೆ.

ಆ ಕೆಲಸ ಶಾಲೆಯಲ್ಲಿ ಆಗಬಹುದು ಎಂದು ಹೇಳುವುದಕ್ಕಾಗಿಯೇ ಇಷ್ಟು ದೂರ ಬಂದೆ. ಖರ್ಚೇನೂ ಇಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರುವ ಡಬ್ಬ, ಒಂದು ಅಳತೆಪಟ್ಟಿ, ಒಂದು ನೋಟ್ ಪುಸ್ತಕ. ಡಬ್ಬವನ್ನು ಮರ, ಗೋಡೆಗಳಿಂದ ದೂರ ಬಯಲಿನಲ್ಲಿಟ್ಟು ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಮಕ್ಕಳು ಅಳೆಯಲಿ. ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. ಒಂದು ಸಾಲಿನಲ್ಲಿ ತಾರೀಖು, ಪಕ್ಕದಲ್ಲಿ ಯಾವ ನಕ್ಷತ್ರದ ಮಳೆ, ಅದರ ಪಕ್ಕದಲ್ಲಿ ಎಷ್ಟು ಮಿ.ಮೀ., ಕೊನೆಯಲ್ಲಿ ಮನೆಯ ಹಿರಿಯರು ಆ ಮಳೆಗೆ ಏನೆಂದರು: ಸೋನೆಯೋ, ಜಡಿಯೋ, ಅಡ್ಡಮಳೆಯೋ, ಹೊಳವೋ. ಹತ್ತು ವರ್ಷ ಬರೆದರೆ ಆ ಪುಸ್ತಕ ನಿಮ್ಮ ಊರಿನ ಮಳೆಯ ಚರಿತ್ರೆಯಾಗುತ್ತದೆ. ಯಾವ ಗಾದೆ ಇನ್ನೂ ಸರಿ, ಯಾವುದು ಜಾರಿದೆ ಎಂದು ಮಕ್ಕಳೇ ತೋರಿಸಿಕೊಡುತ್ತಾರೆ.

ಮಾನ್ಸೂನ್ ಮತ್ತು ಮುಂಗಾರು ಒಂದೇ ಅಲ್ಲ. ಹಾಗೆಂದು ಒಂದನ್ನು ಬಿಟ್ಟು ಒಂದನ್ನು ಹಿಡಿಯಬೇಕಾಗಿಯೂ ಇಲ್ಲ. ದೇಶದ ಮೇಲೆ ಬೀಸುವ ಗಾಳಿಗೆ ಮಾನ್ಸೂನ್ ಎನ್ನೋಣ, ನಮ್ಮ ಹೊಲದ ಮೇಲೆ ಕಪ್ಪಾಗುವ ಮುಗಿಲಿಗೆ ಮುಂಗಾರು ಎನ್ನೋಣ. ಇಂದು ಗಾಳಿ ಬಂದ ಸುದ್ದಿಯೋ, ಮಳೆ ಬಂದ ಸುದ್ದಿಯೋ ಎಂದು ಪತ್ರಿಕೆ ಓದಿದ ಹುಡುಗಿಯೊಬ್ಬಳು ತಂದೆಗೆ ಬಿಡಿಸಿ ಹೇಳಿದರೆ, ಅವನು ಇನ್ನೆರಡು ದಿನ ಕಾದು ಬೀಜದ ಚೀಲ ಬಿಚ್ಚುತ್ತಾನೆ. ಅರಬ್ಬರ ನಾಡಿನಿಂದ ಇಲ್ಲಿಯವರೆಗೆ ನಡೆದು ಬಂದ ಒಂದು ಮಾತು ಅಷ್ಟು ಕೆಲಸ ಮಾಡಿದರೆ ಸಾಕು.